ವಾರ ಸರಿದೈತಿ

ಅಗೋ ಮತ್ತೆ ಬಿಟ್ಟ, ಪಕ್ಕದ ಕಾಟಿನ ಜೋತಿಬಾ, ಹೊದಿಕೆಯೊಳಗಿಂದ ಅರಿವೆ ಹರಿದಂಥ ಸದ್ದು, ಮೇಲೆ ನಗು ಬೇರೆ — ಹಣಮಪ್ಪಾ, ಐಕಲಂಸ ಕಾ? ಕೇಳಿದೆನಪ್ಪಾ, ಇಡೀ ಕೊಲ್ಹಾಪುರ ಕೇಳಿತು, ನನ್ನ ಹಾಗೆಯೇ ಐದು ತಿಂಗಳು ಹೊಟ್ಟೆಗೆ ಮಲದ ಚೀಲ ಅಂಟಿಸಿಕೊಂಡು ತಿರುಗಿದವನು, ಇಬ್ಬರ ಕರುಳನ್ನೂ ಒಂದೇ ದಿನ ಜೋಡಿಸಿ ಒಳಗಿಟ್ಟರು, ಆದರೆ ಗಡಹಿಂಗ್ಲಜದ ಇವನ ಕರುಳು ಎರಡನೇ ದಿನಕ್ಕೇ ಹಾಡಿತು, ಗಾಳಿ ಹೋದ ಮೇಲೆಯೇ ಬಾಯಿಗೆ ಏನಾದರೂ ಅಂತ ಡಾಕ್ಟರ ಅಪ್ಪಣೆ, ಅವನಿಗೆ ಸ್ಟೀಲ್ ಲೋಟದಲ್ಲಿ ಚಹಾ ಬಂತು, ಅದರ ಹಬೆ ನನ್ನ ಮೂಗಿನವರೆಗೆ — ನನ್ನ ಹೊಟ್ಟೆಯೋ, ಇಚಲಕರಂಜಿಯ ಮಗ್ಗದಲ್ಲಿ ನೂಲು ತುಂಬಿದ ಬೀಮಿನಂತೆ ಉಬ್ಬಿ ನಿಂತಿದೆ, ಕೆಮ್ಮಿದರೆ ಹೊಲಿಗೆ ಜಗ್ಗುತ್ತದೆ, ಎಲ್ಲ ಚೆನ್ನವ್ವನಿಂದ, ನನ್ನ ಹೆಂಡತಿ, ಇಪ್ಪತ್ತು ವರ್ಷವಾದರೂ ನಮ್ಮ ಕನ್ನಡ ಗಲ್ಲಿ ದಾಟದವಳು, ನಿನ್ನೆ ನರ್ಸ್ ಹರ್ಷದಾ ಬಂದು, ವಾರಾ ಸರಲಾ ಕಾ ಅಂದಳು, ಗಾಳಿ ಹೋಯಿತೇ ಅಂತ ಮರಾಠಿಯಲ್ಲಿ, ಇವಳು ಆಸ್ಪತ್ರೆಗೆ ಬಂದ ದಿನದಿಂದ ಬೆರಳೆಣಿಸಿ, ಹೌದ್ರಿ ಅಕ್ಕಾರ, ನಿನ್ನೀಗೇ ಸರಿದೈತಿ, ಬರೋಬ್ಬರಿ ಒಂದ ವಾರ! ಹರ್ಷದಾಗೆ ತಿಳಿದದ್ದು ಹೌದು ಅಂತಷ್ಟೇ, ಬರೆದುಕೊಂಡಳು, ನನಗೂ ಚಹಾ ಬಂತು — ಎಲ್ಲ ಚೆನ್ನವ್ವನಿಂದಲೇ? ನನಗೆ ಮರಾಠಿ ಬರುವುದಿಲ್ಲವೇ? ಬಂದರೂ ಬಾಯಿ ಮುಚ್ಚಿಕೊಂಡೆ, ಜೋತಿಬಾನ ಎದುರಿಗೇ ಎತ್ತಿ ಕುಡಿದೆ, ಎರಡು ಲೋಟ, ಆಗಿನಿಂದ ಹೊಟ್ಟೆ ಏರುತ್ತಲೇ ಇದೆ, ಬೆಳಿಗ್ಗೆ ಡಾಕ್ಟರು ಬೆರಳಿನಿಂದ ಬಡಿದು ನೋಡಿದರು, ಗಾಳಿ ಹೋದ ಮೇಲೂ ಇಷ್ಟು ಉಬ್ಬಿದೆಯೆಂದರೆ ಜೋಡಿಸಿದ ಜಾಗ ಬಿಟ್ಟಿರಬೇಕು, ಮತ್ತೆ ಹೊಟ್ಟೆ ತೆರೆಯೋಣ ಅಂದರು — ತೆರೆದರೆ ಮತ್ತೆ ಚೀಲ, ಗಾಳಿ ಹೋಗೇ ಇಲ್ಲ ಅಂತ ಒಂದು ಮಾತು ಹೇಳಿದರೆ ಸಾಕು, ಆದರೆ ಇವನ ಮುಂದೆ ಹೇಗೆ ಹೇಳಲಿ, ಜೋತಿಬಾ ಅಣ್ಣಾರನ್ನ ನೋಡ್ರಿ, ಹೆಂಗ ಓಡ್ಯಾಡಾಕತ್ತಾರ, ಅನ್ನುತ್ತಾಳೆ ಚೆನ್ನವ್ವ, ಐದು ತಿಂಗಳು ನನ್ನ ಚೀಲ ತೊಳೆದ ಕೈ ಅವನಿಗೆ ಬಿಸ್ಕಿಟ್ ಪುಡಿಕೆ ಬಿಚ್ಚಿಕೊಡುತ್ತಿದೆ, ಇವನ ಹೊಟ್ಟೆ ಸೇದಿಹೋಗಲಿ —

ಹರ್ಷದಾ ಆಪರೇಶನ್ನಿನ ಒಪ್ಪಿಗೆ ಕಾಗದ ತಂದಳು, ಕಾಕಾ, ಇಥಂ ಸಹೀ ಕರಾ, ಪೆನ್ನು ಹಿಡಿದೆ, ಚೆನ್ನವ್ವನ ಬೆರಳು ಖಾಲಿ ಬಿಸ್ಕಿಟ್ ಪುಡಿಕೆ ಮಡಚುತ್ತಿವೆ, ಆ ಬೆರಳು ಮತ್ತೆ ಚೀಲ ತೊಳೆಯಬೇಕು — ನಾಹೀ ಸರಲಾ, ಬಾಯೀ, ಗಾಳಿ ಒಮ್ಮೆಯೂ ಸರಿಯಲಿಲ್ಲ, ಸರಿದದ್ದು ಬರೀ ವಾರ, ಏ ಸುಳ್ಳಪ್ಪಾ, ಅಂದಳು ಚೆನ್ನವ್ವ, ಜೋತಿಬಾ ನಗಲಿಲ್ಲ, ಅದೇ ಹೆಚ್ಚು ಉರಿಯಿತು, ಸಹಿಯಿಲ್ಲದೆ ಕಾಗದ ವಾಪಸ್ ಹೋಯಿತು, ಡಾಕ್ಟರು ಬಂದರು, ಈಗ ಹೊಟ್ಟೆಯ ಗಾಳಿ ಎಳೆಯಲು ಮೂಗಿನಲ್ಲಿ ನಳಿಕೆ ಇಳಿಯುತ್ತಿದೆ, ಗಿಳಾ ಕಾಕಾ, ಗಿಳಾ, ನುಂಗುತ್ತೇನೆ, ಕಣ್ಣು ತುಂಬಿ ಎಲ್ಲ ಮಸುಕು, ಅವನ ಲೋಟವೊಂದನ್ನು ಬಿಟ್ಟು, ಅದರಿಂದ ಯಾರ ಅಪ್ಪಣೆಯೂ ಇಲ್ಲದೆ ಏಳುವ ಹಬೆ, ನುಂಗುತ್ತೇನೆ, ಹಬೆ, ಆ ಲೋಟದ ಹಬೆ —