ಅಣ್ಣನ ಸಾಕ್ಷಿ

ಎದೆಯ ಗಡ್ಡೆ ತೆಗೆಸಿ ಎರಡು ವರ್ಷವಾಗಿತ್ತು. ಗಾಯ ಮಾಗಿದ್ದರೂ ಚಲುವಮ್ಮನ ಉರಿ ಆರಿರಲಿಲ್ಲ. ಕಂಕುಳಿಂದ ಮೊಣಕೈವರೆಗೆ ಕೆಂಡ ಸುರಿದ ಹಾಗೆ. "ಕಾಯ್ಲೆ ಓದ್ರೂ ನಾಟ್ಕ ಓಗ್ನಿಲ್ಲ" ಎಂದು ಅತ್ತೆ ಕೊಟ್ಟಿಗೆಯಿಂದಲೇ ಕೂಗುತ್ತಿದ್ದಳು. ಗಂಡನೂ ಈಚೆಗೆ ಅದನ್ನೇ ನಂಬಿದ್ದ. ಈ ನೋವು ನಿಜವೆಂದು ಡಾಕ್ಟರ ಬಾಯಿಂದ ಬಂದರೆ ಸಾಕಿತ್ತು. ಚಿಕ್ಕಂದಿನಿಂದ ಬಲ್ಲವರೊಬ್ಬರನ್ನು ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ಅದಕ್ಕೇ ತವರೂರು ಕಿರಂಗೂರಿನಿಂದ ಅಣ್ಣ ಶಿವಣ್ಣನನ್ನು ಕರೆಸಿಕೊಂಡು ಪಾಂಡವಪುರದ ಆಸ್ಪತ್ರೆಗೆ ಬಂದಿದ್ದಳು. ತವರಿನ ಮಾತನ್ನು ಹೆಣ್ಣು ತಾನೇ ಆಡಬಾರದು, ಅಣ್ಣ ಆಡಬೇಕು.

ಡಾಕ್ಟರಮ್ಮ ತೋಳನ್ನು ಮೆಲ್ಲಗೆ ಒತ್ತಿ ನೋಡಿದರು. "ಗಡ್ಡೆ ಮತ್ತೆ ಬಂದಿಲ್ಲ. ಆದರೆ ಚಿಕ್ಕಂದಿನಲ್ಲಿ ತುಂಬಾ ಕಷ್ಟಪಟ್ಟವರಲ್ಲಿ ಕೆಲವರಿಗೆ ಇಂಥ ನೋವು ಬೇಗ ಬಿಡೋದಿಲ್ಲ. ಮೈ ಒಮ್ಮೆ ಹೆದರಿಕೆ ಕಲಿತರೆ ಮರೆಯೋದು ಕಷ್ಟ. ನೀವು ಹೇಗೆ ಬೆಳೆದಿರಿ?"

ಚಲುವಮ್ಮ ಅಣ್ಣನ ಮುಖ ನೋಡಿದಳು.

ಅವ್ವ ಸತ್ತ ವರ್ಷ ಅವಳಿಗೆ ಎಂಟು. "ಬಾ, ಕರಿಘಟ್ಟಕ್ಕೆ ಓಗಿ ಬರಾನ" ಎಂದು ಬಸ್ಸು ಹತ್ತಿಸಿದವನು ಶಿವಣ್ಣನೇ. ಕಿಟಕಿಯಲ್ಲಿ ಕರಿಘಟ್ಟದ ಬೆಟ್ಟ ಹಿಂದೆ ಸರಿದು ಮರೆಯಾದಾಗ ಅವಳು ಅತ್ತಿದ್ದಳು. ಇಳಿದದ್ದು ಶೀಳನೆರೆಯಲ್ಲಿ, ಸೋದರತ್ತೆಯ ಮನೆಯಲ್ಲಿ. ಮುಂದೆ ಆ ಅತ್ತೆಯ ಮಗಳು ದ್ಯಾವಮ್ಮನನ್ನು ಶಿವಣ್ಣನಿಗೆ ಕೊಡುವುದು, ಅಲ್ಲಿಯವರೆಗೆ ಇವಳು ಅಲ್ಲಿ ಗೇಯುವುದು ಎಂದು ದೊಡ್ಡವರು ಮಾತಾಡಿಕೊಂಡಿದ್ದರು. ಅವ್ವನನ್ನು ನೆನೆದು ಅತ್ತರೆ ಸೋದರತ್ತೆ ಕುಡುಗೋಲಿನ ತುದಿ ಕಾಯಿಸಿ ತೋಳಿಗೆ ಬರೆ ಎಳೆಯುತ್ತಿದ್ದಳು. ಶಾಲೆಯ ರಜೆಗೆ ಶೀಳನೆರೆಗೆ ಬಂದಾಗ ಆ ಬರೆಗೆ ಬೆಣ್ಣೆ ಹಚ್ಚಿದವನೂ ಈ ಶಿವಣ್ಣನೇ.

ಅವನು ಟವಲಿನಿಂದ ಮುಖ ಒರೆಸಿಕೊಂಡ. "ಏನ್ ಕಷ್ಟ ತಾಯಿ? ಊವಿನಂಗೆ ಸಾಕಿದ್ವಿ. ಸ್ವಾದರತ್ತೆ ಮನೇಲಿ ಬೆಣ್ಣೆ ತಿಂದು ಬೆಳ್ದವ್ಳು."

ಡಾಕ್ಟರಮ್ಮ ಇವಳತ್ತ ನೋಡಿದರು. ಚಲುವಮ್ಮ ರವಿಕೆಯ ತೋಳನ್ನು ಕೆಳಕ್ಕೆ ಎಳೆದುಕೊಂಡಳು. ಅವರು ಶಕ್ತಿಯ ಮಾತ್ರೆ ಬರೆದುಕೊಟ್ಟರು.

ಹೊರಗೆ ಹೊಂಗೆ ಮರದ ಕೆಳಗೆ ಶಿವಣ್ಣ ದನಿ ತಗ್ಗಿಸಿದ. "ನಿಮ್ಮತ್ತಿಗೆ ದ್ಯಾವಮ್ಮನ ಕಿವಿಗೆ ಬಿದ್ರೆ ನಾನು ಮನೇಲಿರಾಕಾದದೇನವ್ವಾ? ಸತ್ತೋಗಿರೋ ಅವ್ಳವ್ವನ ಮ್ಯಾಲೆ ಮಾತು ತರಾದ? ಅಳೇ ಕತೆ ಕಣವ್ವ, ಬುಟ್ಬುಡು."

"ನೀನು ಕಂಡಿದ್ದೆ ಕಣಣ್ಣ."

"ಈ ಗೌರಿ ಅಬ್ಬಕ್ಕೆ ಬಾಗಿನದ ಜೊತೆ ರೇಸ್ಮೆ ಸೀರೇನೇ ತತ್ತೀನಿ, ಬಾ, ಬಸ್ಸು ಬತ್ತದೆ."

ಇವತ್ತೂ ಅದೇ ದನಿ. ಕರಿಘಟ್ಟಕ್ಕೆ ಕರೆದಾಗಿನ ದನಿ.

"ಬಾಗಿನ ತರಬ್ಯಾಡ ನೀನು. ಈ ವರ್ಸಾನೂ ಬ್ಯಾಡ, ಮುಂದ್ಕೂ ಬ್ಯಾಡ."

"ಲೇ, ತವರು ಕಡ್ಕತಿಯೇನೇ?"

"ಅದು ಶೀಳನೆರೆ ಬಸ್ಸಲ್ಲೇ ಕಡ್ದೋಯ್ತು."

ಬಸ್ಸು ಬಂತು. ಶಿವಣ್ಣ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕೂಗುತ್ತಲೇ ಇದ್ದ. ಚಲುವಮ್ಮ ತಿರುಗಿ ಒಳಗೆ ಹೋಗಿ ಡಾಕ್ಟರಮ್ಮನ ಬಾಗಿಲ ಮುಂದಿನ ಸಾಲಿನ ಕೊನೆಗೆ ನಿಂತಳು. ಸರದಿ ಬರುವ ಮೊದಲೇ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಬರೆ ಕಾಣುವಂತೆ ಮಾಡಿಕೊಂಡಳು.