ಮೂಲೆ ಮಳಿಗೆಯ ಬೆಂಚು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬೀದಿಯ ಆಚೆ ಬದಿಯ ಕಟ್ಟಡ ಇದ್ದಲ್ಲೇ ಇಲ್ಲವಾಗಿತ್ತು. ಅದರ ಸುತ್ತಲಿನ ತಗಡಿನ ಬೇಲಿಯ ಕೆಳಗಿನ ಅಂಚು ಮಾತ್ರ ಕಾಣುತ್ತಿತ್ತು. ಅದರಿಂದ ಮೇಲಕ್ಕೆ ಬರೀ ಬಿಳುಪು. ಗಾಳಿಯಿರಲಿಲ್ಲ. ದೀಪದ ಕಂಬದಿಂದ ಹನಿ ತೊಟ್ಟಿಕ್ಕುವುದು ಕೇಳುವಷ್ಟು ಮೌನ. ದೇವರು ಒಮ್ಮೊಮ್ಮೆ ಲೋಕಕ್ಕೆ ಹೊದಿಕೆ ಎಳೆದು, ಇನ್ನೊಂದು ಗಳಿಗೆ ಮಲಗಿ ಮಕ್ಕಳೇ ಎನ್ನುತ್ತಾನಲ್ಲ, ಅಂಥ ಬೆಳಗು.

"ನೋಡಿದ್ಯೇನಯ್ಯಾ ಕಣಿಯಣ್ಣ," ಎಂದರು ಮೇಷ್ಟ್ರು, ಕ್ಷೌರದಂಗಡಿಯ ಬೆಂಚಿನ ತುದಿಯಲ್ಲಿ ಕೂತು ಮಫ್ಲರ್ ಬಿಚ್ಚುತ್ತ. "ಕೊನೆಗೂ ನಿನ್ನ ಬಾಯಿ ಮಾತು ನಿಜವಾಯ್ತು. ಕಟ್ಟಡ ಏಳೋದಿರಲಿ, ಎದ್ದಿದ್ದೂ ಕಾಣೆಯಾಯ್ತು."

ಕಣಿಯಣ್ಣ ನಗುತ್ತ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆದ. ಕ್ಷೌರ ಅವನ ಕಸುಬು. ಕಣಿ ಹೇಳುವುದು ಬೀದಿಯೇ ಅವನಿಗೆ ಕಟ್ಟಿದ ಉಪಕಸುಬು. ಅಂಗಡಿಯ ಬಾಗಿಲಲ್ಲಿ ನಿಂತರೆ ಬೇಲಿಯ ಗೇಟು ನೇರ ಕಣ್ಣಿಗೆ ಬೀಳುತ್ತಿತ್ತು. ಯಾವ ಲಾರಿ ಬಂತು, ತುಂಬಿ ಬಂತೋ ಖಾಲಿ ಬಂತೋ, ಕಾರಿನಿಂದ ಇಳಿದ ಸಾಹೇಬ ನಗುತ್ತ ಹೋದನೋ ಫೋನಿನಲ್ಲಿ ಕಿರುಚುತ್ತ ಹೋದನೋ, ಎಲ್ಲವನ್ನೂ ನೋಡಿ ಅವನು ಆ ದಿನದ ಕಣಿ ಹೇಳುತ್ತಿದ್ದ. ಗಡ್ಡ ಬೆಳೆಯದ ದಿನವೂ ಜನ ಬಂದು ಕೇಳಿ ಹೋಗುತ್ತಿದ್ದರು. ಕಣಿ ಮಾತ್ರ ವರ್ಷಗಳಿಂದ ಒಂದೇ: "ಏಳಲ್ಲ."

ಕೆಳಗೆ ದೊಡ್ಡ ದಿನಸಿ ಅಂಗಡಿ, ಅದರ ಪಕ್ಕಕ್ಕೆ ಸಣ್ಣ ಮಳಿಗೆಗಳು, ಮೇಲೆ ಸಂಸಾರಗಳಿಗೆ ಮನೆಗಳು, ಹಾಗೆಂದು ಬೇಲಿಯ ಮೇಲಿನ ಬೋರ್ಡು ಹೇಳುತ್ತಿತ್ತು. ಬೋರ್ಡಿನಲ್ಲಿ ಚಿತ್ರವೂ ಇತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೈಚೀಲ ಹಿಡಿದು ನಗುವ ಒಬ್ಬ ಹೆಂಗಸು, ಕೆಳಗೆ ನಾಯಿಯೊಡನೆ ಒಬ್ಬ ಗಂಡಸು. ಕಂಬಗಳು ಎದ್ದು ನಿಂತವು, ನಿಂತಲ್ಲೇ ನಿಂತವು, ಕಂಬಿಗಳು ತುಕ್ಕು ಹಿಡಿದವು. ಮತ್ತೊಮ್ಮೆ ಕೆಲಸ ಹತ್ತಿ ಎರಡು ಮಹಡಿ ಏರಿತು, ಮತ್ತೆ ತಣ್ಣಗಾಯಿತು. ಅಷ್ಟರಲ್ಲಿ ಬೀದಿಯವರು ಚಿತ್ರದ ಜನರ ಜೊತೆಗೇ ನೆರೆಹೊರೆಯಾಗಿಬಿಟ್ಟರು. ಆ ಹೆಂಗಸಿಗೆ 'ಮೇಲ್ಮನೆ ಸೊಸೆ' ಎಂದು ಹೆಸರು ಬಿತ್ತು. ಬಿಸಿಲಿಗೆ ಅವಳ ಮುಖ ಮಾಸಿದಾಗ ಟೈಲರಮ್ಮ, "ಪಾಪ, ಕಾದು ಕಾದು ಬಣ್ಣ ಬಿಟ್ಕೊಂಡ್ಳು. ಆ ನಾಯಿ ಗಂಡಸು ಒಂದು ದಿನ ಮೇಲೆ ಹೋಗಿ ಮಾತಾಡಿಸಿದ್ನಾ?" ಎಂದು ನಿಜವಾಗಿಯೂ ಬೇಸರಪಟ್ಟಿದ್ದಳು.

ಕಟ್ಟಡಕ್ಕೆ ಮೊದಲು ಆ ಮೂಲೆಯಲ್ಲಿ ಇದ್ದದ್ದು ಅಂಗಡಿಯಕ್ಕನ ದಿನಸಿ ಅಂಗಡಿ. ಅದನ್ನು ಒಡೆಯುವ ಹಿಂದಿನ ದಿನ ಅಕ್ಕ ಬಾಗಿಲಲ್ಲಿ ನಿಂತು, ಒಳಗಿದ್ದುದನ್ನೆಲ್ಲ ಬೀದಿಗೆ ಹಂಚಿದ್ದಳು. ಗಾಜಿನ ಭರಣಿಗಳು ಟೈಲರಮ್ಮನಿಗೆ. ಅವುಗಳಲ್ಲಿ ಈಗ ಗುಂಡಿಗಳು. ಮೆಟ್ಟಿಲು ಸ್ಟೂಲು ಮೇಷ್ಟ್ರಿಗೆ. ಅದನ್ನು ಹತ್ತಿ ಅವರು ಮೇಲಿನ ಕಪಾಟಿನ ಪುಸ್ತಕ ತೆಗೆಯುತ್ತಾರೆ. ಅಂಗಡಿಯ ಮುಂದಿನ ಉದ್ದನೆಯ ಬೆಂಚು ಕಣಿಯಣ್ಣನಿಗೆ. "ಕೊಟ್ಟದ್ದಲ್ಲ ಕಣ್ರೋ, ಇಟ್ಟದ್ದು," ಎಂದಿದ್ದಳು ಅಕ್ಕ. "ಹೊಸ ಕಟ್ಟಡದಲ್ಲಿ ಮೂಲೆ ಮಳಿಗೆ ನಂದು ಅಂತ ಮಾತಾಗಿದೆ. ಬಾಗಿಲು ತೆಗೆಯೋ ಹೊತ್ತಿಗೆ ತಂದುಕೊಡಿ."

ಬೆಂಚು ಹಳೆಯ ಗಟ್ಟಿ ಮರದ್ದು. ಗೋಣಿಚೀಲ ಹೊಲಿಯುವ ದಬ್ಬಳವನ್ನು ಅಕ್ಕ ಉಜ್ಜಿ ಉಜ್ಜಿ ಒಂದು ಅಂಚಿನಲ್ಲಿ ಗೀರುಗಳು ಬಿದ್ದಿದ್ದವು. ಒಂದು ಕಾಲು ಕುಳ್ಳು. ಅದರಡಿಗೆ ಮಡಚಿದ ತಗಡಿನ ಚೂರು. ಕಣಿಯಣ್ಣ ಇನ್ನೊಂದು ತುದಿಗೆ ಕೊಕ್ಕೆ ಹೊಡೆದು ತನ್ನ ಚರ್ಮದ ಪಟ್ಟಿ ತಗುಲಿಸಿದ್ದ. ಕಟ್ಟಡ ಏಳಲ್ಲ ಎಂದು ಬೀದಿ ಇಷ್ಟು ವರ್ಷ ಮಾತಾಡಿದ್ದೆಲ್ಲ ಈ ಬೆಂಚಿನ ಮೇಲೆ ಕೂತೇ.

ಆ ಮಂಜಿನಲ್ಲೇ ಅಂಗಡಿಯಕ್ಕ ಬಂದಳು. ಗಿಡ್ಡ ಮೈಯ ಹೆಂಗಸು. ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕದು. ಅಂಗಡಿ ಹೋದಂದಿನಿಂದ ಬೇಲಿಯ ಪಕ್ಕದ ತನ್ನ ಮನೆಯ ಕಿಟಕಿಯಲ್ಲೇ ಉಪ್ಪು, ಸೋಪು, ಬೆಂಕಿಪೊಟ್ಟಣ ಮಾರಿಕೊಂಡಿದ್ದಳು. ಗೀರುಗಳ ಮೇಲೆ ಬೆರಳಾಡಿಸುತ್ತ ಹೇಳಿದಳು:

"ಕಂಪನಿ ಗುಮಾಸ್ತ ನಾಳೆ ಬೆಳಿಗ್ಗೆ ಬರ್ತಾನಂತೆ ಕಣೋ. ಊರಾಚೆ ಹೊಸ ಮಾರ್ಕೆಟ್ಟಲ್ಲಿ ಸಿದ್ಧ ಮಳಿಗೆ ಒಂದಿದೆ, ಅದನ್ನಾದ್ರೂ ತಗೊಳ್ಳಿ, ಇಲ್ಲಾ ಈ ಮೂಲೇನೇ ಕಾಯ್ತೀನಿ ಅನ್ನಿ, ಆಮೇಲೆ ಬದಲಾಯಿಸಂಗಿಲ್ಲ ಅಂದ. ಅತ್ತ ತಗೊಂಡ್ರೆ ಅಲ್ಲಿರೋ ತಂಗಿ ಮನೆಗೇ ಹೋಗಿ ಇರಬೇಕು. ದಿನಾ ಅಷ್ಟು ದೂರ ಓಡಾಡೋಕೆ ನನ್ನ ಕೈಲಾಗಲ್ಲ."

"ಬೀದಿ ಬಿಟ್ಟು ಹೋಗ್ತೀರಾ?" ಎಂದಳು ಟೈಲರಮ್ಮ. ಬಟ್ಟೆ ಅಳೆಯುವ ಟೇಪು ಕೊರಳಲ್ಲಿಟ್ಟುಕೊಂಡೇ ಅವಳು ಕಣಿ ಕೇಳಲು ಬಂದಿದ್ದಳು.

"ಬಿಡೋಕೆ ಮನಸ್ಸೆಲ್ಲಿದೆ? ಕಣ್ಮುಚ್ಚೋವರೆಗೂ ಇಲ್ಲೇ ತೂಗಿ ಕೊಟ್ಕೊಂಡು ಇರಬೇಕು ಅಂತಿದ್ದೆ. ಆದ್ರೆ ಇದು ಏಳದೇ ಇದ್ರೆ ಅದೂ ಇಲ್ಲ, ಇದೂ ಇಲ್ಲ." ಅಕ್ಕ ಕಣಿಯಣ್ಣನ ಕಡೆ ತಿರುಗಿದಳು. "ದಿನಾ ನೋಡ್ತಿರೋನು ನೀನು. ನೀನು ಹೇಳಿದ ಹಾಗೆ ಮಾಡ್ತೀನಿ."

ಮೇಷ್ಟ್ರು ಕೆಮ್ಮಿದರು. "ಯೋಚನೆ ಮಾಡಿ ಹೇಳಯ್ಯ. ಇದು ಗಡ್ಡ ಅಲ್ಲ, ಹೋದ್ರೆ ಮತ್ತೆ ಬೆಳೆಯೋಕೆ."

"ಯೋಚನೆ ಏನು ಬಂತು ಮೇಷ್ಟ್ರೇ," ಎಂದ ಕಣಿಯಣ್ಣ. "ಆರು ತಿಂಗಳಿಂದ ಒಂದು ಮೂಟೆ ಸಿಮೆಂಟು ಒಳಗೆ ಹೋಗಿಲ್ಲ. ಅಕ್ಕ, ಇದು ಏಳಲ್ಲ. ನೀವು ಆ ಕಡೆ ನೋಡ್ಕೊಳ್ಳಿ."

ಅವನು ಕಂಡದ್ದನ್ನೇ ಹೇಳಿದ್ದ. ಅಕ್ಕ ತಲೆದೂಗಿ, ಬೆಂಚಿನಿಂದ ಜಾರಿ ಇಳಿದು, ಸೆರಗು ಹೊದ್ದು ಮಂಜಿನೊಳಗೆ ಹೋದಳು.

ಹೊತ್ತೇರಿದಂತೆ ಮಂಜು ಹರಿಯಿತು. ಮಧ್ಯಾಹ್ನಕ್ಕೆ ಮುಂಚೆ ಹೊಸಬನೊಬ್ಬ ಬಂದು ಕುರ್ಚಿಯಲ್ಲಿ ಕೂತ. ಜೇಬಿನಲ್ಲಿ ಅಳತೆ ಟೇಪು, ಉಗುರಿನ ಸಂದಿಯಲ್ಲಿ ಗ್ರೀಸು.

"ಯಾವ ಕೆಲಸದ ಮೇಲೆ?" ಎಂದ ಕಣಿಯಣ್ಣ, ಕೆನ್ನೆಗೆ ನೊರೆ ಹಚ್ಚುತ್ತ.

"ಶಟರ್ ಕೂರಿಸೋನು ಅಣ್ಣ. ಎದುರುಗಡೆ ಮಳಿಗೆಗಳಿಗೆ."

ಕಣಿಯಣ್ಣನ ಕೈ ನಿಂತಿತು. "ಅಲ್ಲಿ ಏನಿದೆ ಅಂತ ಶಟರ್ ಹಾಕ್ತೀಯಪ್ಪ?"

"ಒಳಗೆ ಹೋಗಿ ನೋಡಿದೀರಾ? ನೆಲಕ್ಕೆ ಕಲ್ಲು ಹಾಸಾಗಿದೆ, ತಂತಿ ಎಳೆದಾಗಿದೆ. ಹಿಂದಿನ ಬೀದಿ ಕಡೆ ಗೇಟಿದೆಯಲ್ಲ, ಸಾಮಾನೆಲ್ಲ ಅಲ್ಲಿಂದಾನೇ ಹೋಗೋದು." ನೊರೆಯ ನಡುವೆ ಅವನು ನಕ್ಕ. "ಈ ಕಡೆ ಜನ ಬೇಲಿ ನೋಡ್ಕೊಂಡು ಕೂತಿರ್ತಾರಂತೆ. ಶಟರ್ ಯಾರೂ ಸುಮ್ಮನೆ ಹಾಕ್ಸಲ್ಲ ಅಣ್ಣ. ಬೀಗ ಹಾಕೋಕೆ ಒಳಗೆ ಏನಾದ್ರೂ ಬರೋ ಹಾಗಿದ್ರೇನೇ ಹಾಕ್ಸೋದು."

ಕತ್ತಿ ಮತ್ತೆ ಆಡತೊಡಗಿತು, ನಿಧಾನವಾಗಿ.

"ಎಲ್ಲಾದಕ್ಕೂ ಅಳತೆ ಆಯ್ತು," ಎಂದ ಶಟರಿನವನು ಮುಖ ಒರೆಸಿಕೊಂಡು ಏಳುತ್ತ. "ಮೂಲೇದು ಬಾಕಿ. ಅಲ್ಲಿ ಯಾರೋ ಗಿಡ್ಡಮ್ಮ ಬರ್ಬೋದು, ಅವರ ಕೈಗೆ ಎಟುಕೋ ಹಾಗೆ ಹಿಡಿ ಹಾಕು ಅಂದಿದಾರೆ. ಅವರು ಬರೋದೇ ಅನುಮಾನ ಅಂತಾನೂ ಅಂದ್ರು. ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ," ಎಂದುಬಿಟ್ಟ ಕಣಿಯಣ್ಣ.

ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಅಂಗಡಿಯ ಹಿಂಭಾಗವೇ ಅವನ ಮನೆ. ಹೆಂಡತಿ ಬಡಿಸುತ್ತ ಮುಖ ನೋಡಿದಳು. ಅವನು ಎಲ್ಲ ಹೇಳಿದ.

"ಹೋಗಿ ಅಕ್ಕಂಗೆ ಹೇಳಿಬನ್ನಿ. ಅದಕ್ಕೇನು?"

"ಹೇಗೆ ಹೇಳಲೇ? ಬೆಳಿಗ್ಗೆ ತಾನೇ ಮೇಷ್ಟ್ರ ಮುಂದೆ ಬೀಗಿ ಹೇಳಿದೀನಿ. ಇಷ್ಟು ವರ್ಷ ಕಣಿ ಹೇಳಿದ್ದು ಹಿಂದಿನ ಗೇಟು ನೋಡದೇನೇ ಅಂದ್ರೆ ಬೀದಿ ನಗಲ್ವಾ?"

"ನಗಲಿ ಬಿಡಿ. ಪುಕ್ಕಟೆ ನಗಿಸ್ತಿದ್ರಿ ಇಷ್ಟು ದಿನ, ಇನ್ನೊಂದು ದಿನ ನಗ್ತಾರೆ." ಅವಳು ನೀರಿನ ಲೋಟ ಮುಂದಿಟ್ಟಳು. "ಅದೊಂದೇನಾ? ಬೆಂಚು ಹೋಗುತ್ತೆ ಅಂತಾನೂ ಇದೆ, ಅಲ್ವಾ?"

ಅವನು ಲೋಟ ಎತ್ತಿಕೊಂಡ. ಒಳಗಿನದನ್ನು ಕಾಣಲು ಮೇಲಿರುವವನಿಗೆ ಕಣ್ಣು ಬೇಕಾಗಿಲ್ಲ. ಕೆಳಗೆ ಅದಕ್ಕೆಂದು ಅವನು ಹೆಂಡತಿಯನ್ನು ಇಟ್ಟಿರುತ್ತಾನೆ.

ಇಳಿಹೊತ್ತಿಗೆ ಕಣಿಯಣ್ಣ ಬೀದಿ ದಾಟಿ ಅಕ್ಕನ ಕಿಟಕಿಯ ಮುಂದೆ ನಿಂತ. ಒಳಗೆ ಟ್ರಂಕು ತೆರೆದಿತ್ತು. ಗೋಡೆಯ ಮೇಲಿನ ದೇವರ ಪಟ ಇಳಿದು, ಮಡಚಿದ ಬಟ್ಟೆಗಳ ಮೇಲೆ ಮುಖ ಮೇಲಾಗಿ ಮಲಗಿತ್ತು. ಪಟವಿದ್ದ ಜಾಗದಲ್ಲಿ ಗೋಡೆ ಚೌಕಾಕಾರವಾಗಿ ಬೆಳ್ಳಗಿತ್ತು.

"ಏನೋ ತಮ್ಮ?"

ಅವನು ಬಾಯಿ ತೆರೆದ. "ಒಂದು ಬೆಂಕಿಪೊಟ್ಟಣ ಕೊಡಿ ಅಕ್ಕ."

"ತಗೋ. ಇದೇ ಕೊನೇದು ನೋಡು, ನಿನ್ನ ಕೈಗೇ ಹೋಗ್ಬೇಕಂತಿತ್ತು." ಅವಳು ನಕ್ಕಳು. "ನಿನ್ನ ಮಾತು ಕೇಳಿದ್ಮೇಲೆ ಮನಸ್ಸು ಹಗುರಾಯ್ತು ಕಣೋ. ಇಷ್ಟು ದಿನ ಅತ್ತಲೋ ಇತ್ತಲೋ ಅಂತ ತೂಗ್ತಾನೇ ಇದ್ದೆ. ಬೆಂಚು ಅಲ್ಲೇ ಇರಲಿ. ಅಷ್ಟು ದೂರ ಹೊತ್ಕೊಂಡು ಹೋಗೋದೆಲ್ಲಿ? ನೀನೇ ಇಟ್ಕೋ."

ಬೆಂಕಿಪೊಟ್ಟಣ ಹಿಡಿದು ಅವನು ಹಿಂದಿರುಗಿದ. ಕೇಳದೆಯೇ ಬೆಂಚು ಅವನದಾಗಿತ್ತು. ಅಂಗಡಿಗೆ ಬಂದು ಅದರ ಮೇಲೆ ಕೂತ. ಕೂರಲಾಗಲಿಲ್ಲ, ಎದ್ದ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಹೇಳಿದ್ರಾ?"

"ನಾಲಿಗೆ ಏಳಲಿಲ್ಲ ಕಣೆ."

"ನಾಲಿಗೆ ಏಳದಿದ್ರೆ ಹೋಗಲಿ. ಕೈಕಾಲು ಗಟ್ಟಿಯಾಗೇ ಇವೆಯಲ್ಲ," ಎಂದು ಅವಳು ಬೆಂಚಿನ ಕಡೆ ನೋಡಿ ಒಳಗೆ ಹೋದಳು.

ಕಣಿಯಣ್ಣ ಚರ್ಮದ ಪಟ್ಟಿ ಕಳಚಿ ಗೋಡೆಯ ಮೊಳೆಗೆ ಹಾಕಿದ. ಇಕ್ಕಳ ತಂದು ಕೊಕ್ಕೆ ಕಿತ್ತ; ತೂತಿಗೆ ಮೇಣ ತುಂಬಿ ಹೆಬ್ಬೆರಳಿಂದ ಒತ್ತಿದ. ಬ್ರಷ್ಷು ಹಿಡಿದು ಮರದ ಸಂದಿಗಳನ್ನು ಕೆದರಿದ. ಕೂದಲು ಬಂತು, ಕರಿದೂ ಬಿಳಿದೂ ಕಲೆತು. ಬೀದಿಯ ಗಂಡಸರೆಲ್ಲ ಈ ಕಟ್ಟಡದ ಮಾತಾಡುತ್ತಲೇ ನರೆತಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಂಚಿನ ಒಂದು ತುದಿಯನ್ನು ಹೆಗಲಿಗೆ ಏರಿಸಿದ. ಇನ್ನೊಂದು ತುದಿಯನ್ನು ಹೆಂಡತಿ ಬಂದು ಹಿಡಿದಳು.

ಮೇಷ್ಟ್ರು ಎದುರಾದರು. "ಎಲ್ಲಿಗಯ್ಯ ಮೆರವಣಿಗೆ? ಕೂರೋ ಜಾಗಾನೇ ಹೊತ್ಕೊಂಡು ಹೊರಟ್ರೆ ನಾಳೆ ಕಣಿ ಕೇಳೋದೆಲ್ಲಿ?"

"ನಾಳೆಯಿಂದ ಕಣಿ ಇಲ್ಲ ಮೇಷ್ಟ್ರೇ. ಬರೀ ಗಡ್ಡ."

ಮೇಷ್ಟ್ರು ಬೆಂಚು ನೋಡಿದರು, ಅಕ್ಕನ ಮನೆಯ ಕಡೆ ನೋಡಿದರು. ನಗಲು ತೆರೆದ ಬಾಯಿ ಮುಚ್ಚಿ, ದಾರಿ ಬಿಟ್ಟು ನಿಂತರು.

ಕಿಟಕಿಯ ಕೆಳಗೆ ಬೆಂಚು ಇಳಿದ ಸದ್ದಿಗೆ ಅಕ್ಕ ಹೊರಗೆ ಬಂದಳು. ಕೈಯಲ್ಲಿ ಮಡಚುತ್ತಿದ್ದ ಬಟ್ಟೆ ಹಾಗೆಯೇ ಇತ್ತು.

"ಇದೇನೋ ಇದು? ಇಟ್ಕೋ ಅಂದ್ನಲ್ಲ."

"ಇಟ್ಟದ್ದು ಅಂತ ಅಂದಿದ್ರಿ ಅಕ್ಕ, ಕೊಟ್ಟದ್ದಲ್ಲ."

"ಹೊಸ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ತಂದುಕೊಡು ಅಂದಿದ್ದೆ."

"ಅದಕ್ಕೇ ತಂದೆ," ಎಂದ ಅವನು, ನೆಲ ನೋಡುತ್ತ. "ನಾನು ಮುಂದಿನ ಗೇಟು ಮಾತ್ರ ನೋಡ್ತಿದ್ದೆ ಅಕ್ಕ. ಸಾಮಾನೆಲ್ಲ ಹಿಂದಿನ ಗೇಟಲ್ಲಿ ಹೋಗಿದೆ. ಶಟರಿನವನು ಅಲ್ಲೇ ಇದಾನೆ, ಬೇಕಾದ್ರೆ ಕೇಳಿ. ಮೂಲೆ ಮಳಿಗೆಗೆ ಹಿಡಿ ಎಷ್ಟೆತ್ತರಕ್ಕೆ ಹಾಕಲಿ ಅಂತ ಕಾಯ್ತಿದಾನೆ."

ಬೇಲಿಯ ಮೇಲೆ ಕಟ್ಟಡ ಸಂಜೆಯ ಬೆಳಕಿನಲ್ಲಿ ಪೂರ್ತಿ ಕಾಣುತ್ತಿತ್ತು. ಅಕ್ಕ ಅದನ್ನು ನೋಡಿದಳು. ಆಮೇಲೆ ಬಟ್ಟೆಯನ್ನು ಕಿಟಕಿಗೆ ಹಾಕಿ, ಬಾಗಿಲ ಬಳಿ ಬಂದು ನಿಂತು, ಬಲಗೈಯನ್ನು ತನಗೆ ಎಟುಕುವಷ್ಟು ಮೇಲಕ್ಕೆತ್ತಿದಳು.

"ಇಷ್ಟು ಸಾಕು ಅಂತ ಹೇಳು."

ಅವಳ ಕೈ ಮುಟ್ಟಿದ ಮಟ್ಟ ತನ್ನ ಹಣೆಗೆ ಬರುವುದನ್ನು ಕಣಿಯಣ್ಣ ನೋಡಿಕೊಂಡ. ಅಕ್ಕ ಬೆಂಚಿನ ಮೇಲೆ ಕೂತಳು. ಬೆಂಚು ಒಂದು ಕಡೆಗೆ ವಾಲಿತು.

"ಇನ್ನೂ ಕುಂಟುತ್ತಲ್ಲೋ ಇದು!"

ಅವನು ಜೇಬಿಗೆ ಕೈಹಾಕಿ, ಮಡಚಿದ ತಗಡಿನ ಚೂರನ್ನು ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ ಅವಳ ಅಂಗೈಯಲ್ಲಿಟ್ಟ.