ಬಾಗಿಲ ಹೊರಗಿನ ಗಾಲಿಕುರ್ಚಿ

ಬೆಳಿಗ್ಗೆ ಬಂದಾಗ ಬಾಗಿಲ ಹೊರಗೆ ಗಾಲಿಕುರ್ಚಿ ನಿಂತಿದ್ದರೆ ಯಾರೋ ತೀರಿಕೊಂಡಿದ್ದಾರೆ ಎಂದು ಕೀಲಿ ಅಕ್ಕನಿಗೆ ಗೊತ್ತಾಗುತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹುಷಾರಾದವರು ತಾವೇ ಒಳಗೆ ಬಂದು, ನಾಲ್ಕು ಹೆಜ್ಜೆ ನಡೆದು ತೋರಿಸಿ, ನಕ್ಕು ಹೋಗುತ್ತಿದ್ದರು. ಉಳಿದವರ ಮನೆಯವರು ಬಾಗಿಲು ತೆರೆಯುವ ಮೊದಲೇ ಬಂದು ಹೊರಗಿಟ್ಟು ಹೋಗುತ್ತಿದ್ದರು.

ಅವತ್ತು ನಿಂತಿದ್ದದ್ದು 'ಕೀಚಲು ರಾಣಿ'. ಎಡಗಡೆಯ ಚಕ್ರ ಬೀದಿ ತುಂಬ ಕಿರುಚುತ್ತಿದ್ದರಿಂದ ಆ ಕುರ್ಚಿಗೆ ಅಕ್ಕನೇ ಇಟ್ಟ ಹೆಸರು ಅದು. ಒಯ್ದವರ ಹೆಸರು, ಫೋನ್ ನಂಬರ್ ಬರೆದು ಹಿಡಿಕೆಗೆ ಕಟ್ಟಿದ್ದ ಚೀಟಿ ನೋಡಿದಳು. ಸೈಕಲ್ ರಿಪೇರಿ ಅಂಗಡಿಯ ಮುದುಕ. ಮೂರು ತಿಂಗಳ ಹಿಂದೆ ಕುರ್ಚಿ ಒಯ್ಯುವಾಗ "ಇದಕ್ಕಿಂತ ನನ್ನ ಮೊಣಕಾಲೇ ಕಡಿಮೆ ಸದ್ದು ಮಾಡುತ್ತೆ" ಎಂದು ತಮಾಷೆ ಮಾಡಿದ್ದ.

ಅವಳು ಚೀಟಿ ಬಿಚ್ಚಿ ಬಿಸ್ಕತ್ತಿನ ಹಳೆ ಡಬ್ಬಕ್ಕೆ ಹಾಕಿದಳು. ಆ ಡಬ್ಬದಲ್ಲಿ ಅಂಥ ಚೀಟಿಗಳು ಬಹಳ ಇದ್ದವು.

ಬೀದಿಯವರು ಆ ಜಾಗವನ್ನು ಕುರ್ಚಿಮನೆ ಎನ್ನುತ್ತಿದ್ದರು. ಅಂಗಡಿಗಳ ಸಾಲಿನಲ್ಲಿ ಎರಡು ಕೋಣೆ, ಹಿಂದೆ ನಲ್ಲಿ ಇರುವ ಸಣ್ಣ ಅಂಗಳ. ಮನೆಯಲ್ಲಿ ರೋಗಿ ಇರುವವರು ಗಾಲಿಕುರ್ಚಿ, ಊರುಗೋಲು, ತಲೆ ಎತ್ತಿಳಿಸುವ ಮಂಚ, ಗಾಳಿ ತುಂಬುವ ಹಾಸಿಗೆಯನ್ನು ಪುಕ್ಕಟೆ ಒಯ್ಯಬಹುದು. ಕೆಲಸ ಮುಗಿದ ಮೇಲೆ ತಂದುಕೊಡಬೇಕು, ಅಷ್ಟೆ. ಆರು ವರ್ಷದ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಶುರುಮಾಡಿದಾಗ ಹತ್ತು ಜನ ಕೈಜೋಡಿಸಿದ್ದರು. ಒಬ್ಬರಿಗೆ ಮೊಮ್ಮಗು ಹುಟ್ಟಿತು, ಒಬ್ಬರಿಗೆ ಸೊಂಟ ಹಿಡಿಯಿತು, ಒಬ್ಬರು ಸುಮ್ಮನೆ ಬರುವುದು ಬಿಟ್ಟರು. ಮೇಷ್ಟ್ರೂ ತೀರಿಕೊಂಡರು. ಸಮಿತಿಯ ಮೂವರು ಹಿರಿಯರು ವರ್ಷಕ್ಕೊಮ್ಮೆ ಬಂದು ಟೀ ಕುಡಿದು ಸಹಿ ಹಾಕುತ್ತಿದ್ದರು. ಉಳಿದವಳು ಸಂಬಳಕ್ಕೆ ಸೇರಿದ್ದ ಈಕೆ ಒಬ್ಬಳೇ. ಎಲ್ಲ ಕೀಲಿಗಳೂ ಇವಳ ಸೊಂಟದಲ್ಲೇ ಇದ್ದದ್ದರಿಂದ ಕೀಲಿ ಅಕ್ಕ ಆದಳು.

ಬಾಗಿಲ ಮೇಲೆ ಅವಳದೇ ಕೈಬರಹದ ಕಾಗದ ಅಂಟಿಸಿತ್ತು: 'ವಾಪಸ್ ತಂದವರು ಹೊರಗೆ ಇಟ್ಟು ಹೋಗಿ. ಒಳಗೆ ಬರಬೇಕಾಗಿಲ್ಲ.' ಹಿಂದೊಮ್ಮೆ ಒಬ್ಬ ಹೆಂಗಸು ಗಂಡನ ಊರುಗೋಲು ತಂದುಕೊಟ್ಟು, ಉಳಿದ ಕೋಲುಗಳನ್ನು ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದಿದ್ದಳು. ಮತ್ತೆ ಯಾರಿಗೂ ಆ ಕಷ್ಟ ಬೇಡ ಎಂದು ಅಕ್ಕ ಆ ಕಾಗದ ಬರೆದಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಳು.

ಕೀಚಲು ರಾಣಿಯನ್ನು ನಿಂತಲ್ಲೇ, ಬಾಗಿಲ ಮುಂದೆಯೇ ಸೋಪು ಹಾಕಿ ತೊಳೆಯುವಾಗ ಎದುರಂಗಡಿಯ ಟೈಲರ್ ಹೊಲಿಗೆ ಯಂತ್ರದ ಹಿಂದಿನಿಂದಲೇ ಕೂಗಿದ.

"ಏನಕ್ಕ, ಮತ್ತೊಂದು ಟಿಕೆಟ್ ಹರೀತಾ?"

"ಬಾಯಿ ತೊಳ್ಕೋ ಅಣ್ಣ. ಸೋಪು ಬೇಕಾದ್ರೆ ಇಲ್ಲಿದೆ."

"ನಿನಗೇನವ್ವ, ಸೇವೆಗೆ ಸೇವೆ, ಸಂಬಳಕ್ಕೆ ಸಂಬಳ. ಸೇವೆ ಅಂದ್ಮೇಲೆ ಸಂಬಳ ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಸರ್ಕಾರದೋರು ಕೊಡ್ತಾರಾ, ವಿದೇಶದೋರಾ?"

ಅವಳು ಕುರ್ಚಿಯ ಸೀಟು ಉಜ್ಜಿದಳು. ಸರ್ಕಾರವೂ ಕೊಡುತ್ತಿರಲಿಲ್ಲ, ವಿದೇಶದವರೂ ಇಲ್ಲ. ದಾನಿಗಳು ಮಂಚ ಕೊಡುತ್ತಿದ್ದರು, ತಲೆಯ ಕಡೆ ತಮ್ಮ ತಂದೆಯ ಹೆಸರು ಬರೆಸಿ. ಬಾಡಿಗೆಯ ಮೇಲೆ, ಸೋಪಿನ ಮೇಲೆ, ಮಂಚ ತೊಳೆಯುವವಳ ಊಟದ ಮೇಲೆ ಹೆಸರು ಬರೆಸಲು ಆಗುವುದಿಲ್ಲವಲ್ಲ, ಹಾಗಾಗಿ ಅದಕ್ಕೆ ಯಾರೂ ಕೊಡುತ್ತಿರಲಿಲ್ಲ; ಮೇಷ್ಟ್ರು ಬಿಟ್ಟುಹೋದ ಹಣದಲ್ಲೇ ಹೇಗೋ ನಡೆಯುತ್ತಿತ್ತು. ಕೆಲವರು ಮುರಿದ ಕುರ್ಚಿಯನ್ನೂ ದಾನ ಎಂದು ಕೊಟ್ಟು ಫೋಟೋ ತೆಗೆಸಿಕೊಂಡಿದ್ದರು.

ಅವಳ ಚೀಲದಲ್ಲಿ ಒಂದು ಪತ್ರ ಮಡಿಸಿಟ್ಟಿತ್ತು. ಎರಡೇ ಸಾಲು. ಈ ತಿಂಗಳ ಕೊನೆಗೆ ಕೀಲಿ ಒಪ್ಪಿಸುತ್ತೇನೆ, ಬೇರೆಯವರನ್ನು ನೋಡಿಕೊಳ್ಳಿ. ಬೇರೆಯವರು ಯಾರೂ ಇಲ್ಲ, ತಾನು ಹೋದರೆ ಕುರ್ಚಿಮನೆ ಮುಚ್ಚುತ್ತದೆ ಎಂದು ಗೊತ್ತಿದ್ದೇ ಬರೆದಿದ್ದಳು.

ಹನ್ನೊಂದಕ್ಕೆ ಬಣ್ಣ ಬಳಿಯುವ ಕೆಲಸದವನೊಬ್ಬ ಓಡಿಬಂದ. ಹೆಂಡತಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಸಂಜೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ, ಮಂಚ ಬೇಕು. ಒಂದು ಗಂಟೆಗೆ ಗಾಡಿ ತರುತ್ತೇನೆ ಎಂದ.

"ತಗೊಂಡು ಬಾ, ತೆಗೆದಿಟ್ಟಿರ್ತೀನಿ" ಎಂದಳು ಅಕ್ಕ.

ಊಟದ ಹೊತ್ತಿಗೆ ಮುಂಬಾಗಿಲಿಗೆ ಅಗುಳಿ ಹಾಕಿಕೊಳ್ಳುವುದು ಅವಳ ರೂಢಿ. ಒಬ್ಬಳೇ ಉಣ್ಣುವುದನ್ನು ಬೀದಿ ನೋಡುವುದು ಅವಳಿಗೆ ಇಷ್ಟವಿರಲಿಲ್ಲ. ಡಬ್ಬಿ ತೆರೆಯುವ ಮೊದಲು ಒಳಕೋಣೆಯ ಮಂಚ ಎಳೆದಿಡೋಣ ಎಂದು ಒಂದು ತುದಿ ಎತ್ತಿದಳು. ಇಬ್ಬರು ಎತ್ತಬೇಕಾದ ಮಂಚ. ನಾಲ್ಕು ವರ್ಷದಿಂದ ಒಬ್ಬಳೇ ಎತ್ತುತ್ತಿದ್ದಳು. ಬೆನ್ನಿನೊಳಗೆ ಏನೋ ಪಟ್ಟೆಂದಿತು. ಮಂಚ ಒಂದು ಕಡೆ, ಅವಳು ಒಂದು ಕಡೆ.

ಏಳಲು ನೋಡಿದಳು, ಆಗಲಿಲ್ಲ. ಗೋಡೆಗೆ ಹದಿನಾಲ್ಕು ಊರುಗೋಲು ಒರಗಿದ್ದವು. ಒಂದೂ ಕೈಗೆ ಸಿಗುವಷ್ಟು ಹತ್ತಿರವಿರಲಿಲ್ಲ. ಫೋನು ಮುಂದಿನ ಕೋಣೆಯ ಚೀಲದಲ್ಲಿತ್ತು. ಸಿಕ್ಕಿದ್ದರೂ ಯಾರಿಗೆ ಮಾಡುವುದು ಎಂದು ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಯಾರ ಹೆಸರೂ ಹೊಳೆಯಲಿಲ್ಲ. ಬೆನ್ನುನೋವಿಗಿಂತ ಅದೇ ಹೆಚ್ಚು ನೋಯಿಸಿತು.

ಒಂದು ಗಂಟೆಗೆ ಬಣ್ಣದವನು ಬಾಗಿಲು ಬಡಿದ. "ಇದ್ದೀನಿ" ಎಂದಳು. ಉಸಿರಿಗೇ ನೋವಾಗುತ್ತಿದ್ದರಿಂದ ಆ ಮಾತು ಕೋಣೆಯನ್ನೇ ದಾಟಲಿಲ್ಲ. ಹೊರಗಿನ ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

"ಅಣ್ಣ, ಅಕ್ಕ ಎಲ್ಲಿ ಹೋದ್ರು?"

"ಊಟಕ್ಕಿರಬೇಕು" ಎಂದ ಟೈಲರ್.

"ಮನೆ ಎಲ್ಲಿ?"

ಯಂತ್ರದ ಸದ್ದು ನಿಂತಿತು. "ಗೊತ್ತಿಲ್ಲಪ್ಪ. ಆರು ವರ್ಷದಿಂದ ಎದುರಿಗಿದ್ದೀನಿ, ಕೇಳಿಲ್ಲ ನೋಡು."

ಗಾಡಿ ಖಾಲಿಯಾಗಿಯೇ ತಿರುಗಿ ಹೋದ ಸದ್ದು ಕೇಳಿಸಿತು. ಯಂತ್ರ ಮತ್ತೆ ಶುರುವಾಯಿತು.

ಮೂರು ಗಂಟೆಗೆ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಎಂದಿನಂತೆ ಹಿಂದಿನ ಅಂಗಳದ ನಲ್ಲಿಯಲ್ಲಿ ಕೈ ತೊಳೆಯಲು ಬಂದಳು. ಬೀದಿಯವರೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುವುದು. ಒಳಗಿನ ನರಳಾಟ ಕೇಳಿ ಹಿಂಬಾಗಿಲಿನಿಂದ ಓಡಿಬಂದಳು. ಮುಟ್ಟಿ ನೋಡಿದಳು, ಕಾಲು ಆಡಿಸಲು ಹೇಳಿದಳು. ಮೂಳೆಗೆ ಏನೂ ಆಗಿರಲಿಲ್ಲ, ಸ್ನಾಯು ಹಿಡಿದಿತ್ತು.

"ಹತ್ತು ದಿನ ಮಲಗಬೇಕು. ಮನೇಲಿ ಯಾರಿದ್ದಾರೆ ಅಕ್ಕ?"

"ಒಂದು ಗಡಿಯಾರ ಇದೆ."

ಸಿಸ್ಟರ್ ನಗಲಿಲ್ಲ. ಬಾಗಿಲು ತೆರೆದು ಟೈಲರನನ್ನು ಕೂಗಿದಳು. ಇಬ್ಬರೂ ಸೇರಿ ಅಕ್ಕನನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿ, ಅವಳ ಚೀಲ, ಚೀಟಿಯ ಡಬ್ಬ ಮಡಿಲಿಗಿಟ್ಟರು. ಎರಡು ತಾಸಿಗೂ ಹೆಚ್ಚು ಅವಳು ಇಪ್ಪತ್ತು ಹೆಜ್ಜೆ ದೂರದಲ್ಲೇ ಬಿದ್ದಿದ್ದಳು ಎಂದು ತಿಳಿದ ಟೈಲರನ ಮುಖ ಸಣ್ಣಗಾಗಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಅಲ್ಲಕ್ಕ, ಆಗಲ್ಲ ಅಂದ್ರೆ ಯಾಕೆ ಎತ್ತೋಕೆ ಹೋದೆ? ಸಮಿತಿಯೋರು ಆಳು ಇಡ್ಲಿ. ಇಷ್ಟು ಜನ ದಾನ ಕೊಡ್ತಾರೆ."

"ಮಂಚ ಕೊಡ್ತಾರೆ" ಎಂದಳು ಸಿಸ್ಟರ್. "ಮಂಚಕ್ಕೆ ನಾಲ್ಕು ಕಾಲಿದೆ ಅಂತ ಅದೇ ನಡ್ಕೊಂಡು ರೋಗಿ ಮನೆಗೆ ಹೋಗುತ್ತಾ ಅಣ್ಣ? ನೀವು ಸೇವೆಗೆ ಸಂಬಳ ಯಾಕೆ ಅಂತೀರಂತಲ್ಲ. ನಾಳೆಯಿಂದ ನೀವೂ ಪುಕ್ಕಟೆ ಹೊಲೀರಿ, ಪುಣ್ಯ ಬರುತ್ತೆ."

"ನನ್ನ ಹೊಟ್ಟೆ?"

"ಅಕ್ಕ ಏನು ಹೊಟ್ಟೆ ಮನೇಲಿ ಬಿಚ್ಚಿಟ್ಟು ಬರ್ತಾರಾ?"

ಟೈಲರ್ ಅಳತೆ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು ಜೇಬಿಗೆ ತುರುಕಿದ. "ಆ ಬಣ್ಣದವನ ಮಂಚ ಯಾವುದು? ನಾನು ತಲುಪಿಸ್ತೀನಿ, ಕೀಲಿ ಕೊಡಿ" ಎಂದ.

ಆರು ವರ್ಷದಲ್ಲಿ ಮೊದಲ ಸಲ ಅಕ್ಕನ ಸೊಂಟದಿಂದ ಕೀಲಿ ಗೊಂಚಲು ಇಳಿಯಿತು.

ಬೀದಿಯಲ್ಲಿ ಕುರ್ಚಿ ತಳ್ಳಿಕೊಂಡು ಹೋಗುವಾಗ ಜನ ನಿಂತು ನೋಡಿದರು. ನೂರಾರು ಜನರನ್ನು ಕೂರಿಸಿ ಕಳಿಸಿದ ಅಕ್ಕ ತಾನು ಎಂದೂ ಕೂತಿರಲಿಲ್ಲ. ತಿರುವಿನಲ್ಲಿ ಅವಳು ಥಟ್ಟನೆ ಕೇಳಿದಳು.

"ಸಿಸ್ಟರ್, ಇದು ಯಾವ ಕುರ್ಚಿ?"

"ತೊಳೆದು ಹೊರಗೆ ಒಣಗೋಕೆ ಬಿಟ್ಟಿದ್ರಲ್ಲ, ಅದೇ."

"ಕೀಚಲು ರಾಣಿನಾ? ಮತ್ತೆ ಸದ್ದೇ ಇಲ್ಲ?"

ಸಿಸ್ಟರ್ ಬಗ್ಗಿ ಚಕ್ರ ನೋಡಿದಳು. ಹಳೆ ಬೇರಿಂಗ್ ತೆಗೆದು ಹೊಸದು ಹಾಕಿ, ಗ್ರೀಸ್ ತುಂಬಿದ್ದರು. ನಟ್ಟಿಗೆ ಹೊಸ ವಾಷರ್ ಕೂಡ ಇತ್ತು. ಸಾವಾದ ಮನೆಯವರು ಯಾರೋ ಕೂತು ಈ ಕೆಲಸ ಮಾಡಿ, ಆಮೇಲೆ ತಂದು ಹೊರಗೆ ಇಟ್ಟು ಹೋಗಿದ್ದರು.

ಅಕ್ಕನ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಸಿಸ್ಟರ್ ನೆಲದ ಮೇಲೆ ಕೂತಳು. ಅಕ್ಕ ಪತ್ರದ ವಿಷಯ ಹೇಳಿಬಿಟ್ಟಳು.

"ಸಂಬಳ ಕಡಿಮೆ ಅಂತ ಅಲ್ಲ ಸಿಸ್ಟರ್. ಬರೋರು ಕಷ್ಟ ಇದ್ದಾಗ ಬರ್ತಾರೆ. ಕಷ್ಟ ಮುಗಿದ್ಮೇಲೆ ನನ್ನ ಮುಖ ನೋಡಿದ್ರೂ ಅವರಿಗೆ ಸಾವು ನೆನಪಾಗುತ್ತೆ. ಪೇಟೆಯಲ್ಲಿ ನನ್ನ ಕಂಡ್ರೆ ಆ ಕಡೆ ರಸ್ತೆಗೆ ದಾಟ್ತಾರೆ. ಒಮ್ಮೊಮ್ಮೆ ನಾನೇ ಮೊದಲು ದಾಟಿಬಿಡ್ತೀನಿ. ತಿಂಗಳಿಗೆ ಐದಾರು ಜನ ಹೋಗ್ತಾರೆ. ಯಾರ ಹತ್ರನೂ ಆ ಮಾತಾಡೋಕಾಗಲ್ಲ. ಚೀಟಿ ಬಿಚ್ಚಿ ಡಬ್ಬಕ್ಕೆ ಹಾಕ್ತೀನಿ."

"ಅವರನ್ನ ಯಾವತ್ತಾದ್ರೂ ಏನಾದ್ರೂ ಕೇಳಿದ್ದೀರಾ? ಒಂದು ಗಂಟೆ ಬನ್ನಿ, ಒಂದಿಷ್ಟು ಕೊಡಿ ಅಂತ?"

"ಸತ್ತೋರ ಮನೆಗೆ ಹೋಗಿ ಕೈಚಾಚೋದಾ? ನಾಚಿಕೆ ಬೇಡ್ವಾ?"

"ಕೇಳದೇನೇ ಅವರ ಉತ್ತರ ನೀವೇ ಬರ್ಕೊಂಡಿದ್ದೀರ. ಬಾಗಿಲ ಮೇಲೂ ಅಂಟಿಸಿದ್ದೀರ." ಸಿಸ್ಟರ್ ಫೋನು ಅವಳ ಕೈಗೆ ಕೊಟ್ಟಳು. "ಕುರ್ಚಿ ರಿಪೇರಿ ಮಾಡಿದ್ದಕ್ಕೆ ಥ್ಯಾಂಕ್ಸ್ ಆದ್ರೂ ಹೇಳಿ. ಅದು ಭಿಕ್ಷೆ ಅಲ್ವಲ್ಲ?"

ಫೋನು ಎತ್ತಿದ್ದು ಸೈಕಲ್ ಅಂಗಡಿಯ ಮುದುಕನ ಮಗಳು. ಈಗ ಅಂಗಡಿ ನೋಡಿಕೊಳ್ಳುವುದು ಅವಳೇ.

"ಅಪ್ಪನೇ ಹೇಳಿದ್ರು. ಸದ್ದು ಮಾಡೋ ಕುರ್ಚಿ ವಾಪಸ್ ಕೊಟ್ರೆ ನಮ್ಮ ಅಂಗಡಿ ಮರ್ಯಾದೆ ಹೋಗುತ್ತೆ ಅಂತ. ಕೊನೆ ವಾರ ಮಲಗಿದಲ್ಲಿಂದಲೇ ಹೇಳ್ಕೊಟ್ರು, ನಾನು ಮಾಡಿದೆ." ಆಮೇಲೆ ಹೇಳಿದಳು: "ನಾನು ಒಳಗೆ ಬರೋಣ ಅಂತಲೇ ಬಂದಿದ್ದೆ ಅಕ್ಕ. ಅಪ್ಪನ ವಿಷಯ ನಿಮಗೆ ಹೇಳೋಣ ಅಂತ. ಒಳಗೆ ಬರಬೇಕಾಗಿಲ್ಲ ಅಂತ ಬರೆದಿತ್ತು. ನಿಮಗೆ ಬೇಜಾರಾಗಿರುತ್ತೇನೋ ಅಂತ ಇಟ್ಟು ಬಂದೆ."

ಅಕ್ಕ ಫೋನು ಕಿವಿಗೆ ಒತ್ತಿಕೊಂಡೇ ಗೋಡೆಯ ಕಡೆ ತಿರುಗಿದಳು.

"ಮುರಿದ ಕುರ್ಚಿ ಇನ್ನೂ ಆರು ಇವೆ" ಎಂದಳು ಕೊನೆಗೆ. ಜೀವನದಲ್ಲಿ ಅವಳು ಕೇಳಿದ ಮೊದಲ ದಾನ ಅದು. "ಬರ್ತೀಯಾ?"

"ಭಾನುವಾರ ಅಂಗಡಿ ರಜೆ. ಬರ್ತೀನಿ."

ಮಲಗಿದ್ದ ಹತ್ತು ದಿನದಲ್ಲಿ ಅಕ್ಕ ಡಬ್ಬದ ಚೀಟಿಗಳಿಂದ ನಲವತ್ತು ಮನೆಗೆ ಫೋನು ಮಾಡಿದಳು. ಬರೀ "ಸಹಾಯ ಮಾಡಿ" ಎನ್ನಲಿಲ್ಲ. ಸಿಸ್ಟರ್ ಹೇಳಿಕೊಟ್ಟಂತೆ ಯಾವ ದಿನ, ಎಷ್ಟು ಹೊತ್ತು, ಏನು ಕೆಲಸ ಎಂದು ಬಿಡಿಸಿ ಹೇಳಿದಳು. ಸುಳ್ಳು ಯಾಕೆ ಹೇಳಬೇಕು, ಹದಿನೇಳು ಜನ ಫೋನು ಎತ್ತಲಿಲ್ಲ. ಒಬ್ಬರು ಬೈದರು. ಇಬ್ಬರು ಮೂವರು ಅತ್ತರು, ಅಷ್ಟೆ. ಹನ್ನೊಂದು ಮನೆಯವರು ತಿಂಗಳಿಗೆ ಇಷ್ಟು ಅಂತ ಕೊಡಲು ಒಪ್ಪಿದರು. ದೊಡ್ಡ ಮೊತ್ತವಲ್ಲ, ಒಂದು ಹೊತ್ತಿನ ಹೋಟೆಲ್ ತಿಂಡಿಯಷ್ಟು. ಆದರೆ ಪ್ರತಿ ತಿಂಗಳು. ಬಾಡಿಗೆಯೂ ಸಂಬಳವೂ ಪ್ರತಿ ತಿಂಗಳೇ ಕೊಡಬೇಕಾದ್ದರಿಂದ ವರ್ಷಕ್ಕೊಂದು ಮಂಚಕ್ಕಿಂತ ಅದು ಮೇಲು. ಕೆಲಸಕ್ಕೆ ಬಂದವರು ಐದು ಜನ. ಕೊನೆಗೆ ಉಳಿದವರು ಮೂವರು.

ಆ ಮೂವರಲ್ಲಿ ಸೈಕಲ್ ಅಂಗಡಿಯವಳು ಒಬ್ಬಳು. ಬಣ್ಣದವನು ಒಬ್ಬ, ಹೆಂಡತಿ ಎದ್ದು ಕೂತ ವಾರವೇ ಬಂದ. ಇನ್ನೊಬ್ಬ ಟೈಲರ್, ಅವನು ಯಾವ ಚೀಟಿಯಲ್ಲೂ ಇರಲಿಲ್ಲ. ಎರಡನೇ ಕೀಲಿ ಅವನ ಅಂಗಡಿಯ ಮೊಳೆಯಲ್ಲಿ ತೂಗುತ್ತದೆ. ಸಮಿತಿಯ ಹಿರಿಯರನ್ನು ಸಿಸ್ಟರ್ ಕೂರಿಸಿ ಮೂರು ನಿಯಮ ಬರೆಸಿದಳು. ಇಬ್ಬರಿಲ್ಲದೆ ಮಂಚ ಎತ್ತಬಾರದು. ಗುರುವಾರ ಅಕ್ಕನಿಗೆ ರಜೆ, ಅವತ್ತು ಬಾಗಿಲು ತೆರೆಯುವುದು ಟೈಲರ್. ತಿಂಗಳಿಗೊಮ್ಮೆ ಎಲ್ಲರೂ ಕೂತು, ಹೋದವರ ಚೀಟಿ ಓದಿ, ಮನಸ್ಸಿನಲ್ಲಿದ್ದದ್ದು ಮಾತಾಡಬೇಕು.

ಮೊದಲ ಗುರುವಾರ ಅಕ್ಕನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಗಡಿಯಾರ ನೋಡುತ್ತಾ ಕೂತಳು. ಮಧ್ಯಾಹ್ನ ಹೋಗಿ ಇನ್ನೊಂದು ಲೋಟ ಕೊಂಡು ತಂದಳು. ಯಾರಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಬಾಗಿಲ ಮೇಲಿನ ಕಾಗದ ಕಿತ್ತಾಯಿತು. ಅಂಟಿನ ಗುರುತು ಉಳಿದಿದೆ. ಮೊನ್ನೆ ಒಬ್ಬ ಮನುಷ್ಯ ಊರುಗೋಲು ಹಿಡಿದು ಆ ಗುರುತಿನ ಮುಂದೆ ನಿಂತಿದ್ದ.

"ಹೊರಗೇ ಇಡ್ಲಾ?"

"ಒಳಗೆ ಬನ್ನಿ" ಎಂದಳು ಅಕ್ಕ. ಅವನು ಬಂದ. ಅರ್ಧ ಗಂಟೆ ಕೂತ. ಒಂದು ಮಾತೂ ಆಡಲಿಲ್ಲ, ಎದ್ದು ಹೋದ. ಮತ್ತೆ ಬರುತ್ತಾನೋ ಇಲ್ಲವೋ.

ಅಕ್ಕ ಆ ತಿಂಗಳ ಕೊನೆಗೆ ಕೀಲಿ ಒಪ್ಪಿಸಲಿಲ್ಲ. ಆದರೆ ಪತ್ರ ಹರಿದೂ ಹಾಕಿಲ್ಲ. ಚೀಲದಲ್ಲೇ ಇದೆ. ಅದು ಅಲ್ಲೇ ಉಳಿಯುತ್ತದೋ, ಹಿರಿಯರ ಕೈ ಸೇರುತ್ತದೋ ಎನ್ನುವುದು ಆ ಮೂವರು ಬರುತ್ತಲೇ ಇರುತ್ತಾರೋ ಇಲ್ಲವೋ ಎನ್ನುವುದರ ಮೇಲಿದೆ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಬಾಗಿಲು ಇರುತ್ತದೆ. ಕುರ್ಚಿ ಕೊಡುವುದೋ, ರಕ್ತಕ್ಕೆ ಜನ ಹುಡುಕಿ ಕೊಡುವುದೋ, ಮಕ್ಕಳಿಗೆ ಪುಸ್ತಕ ಕೊಡುವುದೋ. ಕಷ್ಟ ಬಂದಾಗ ನೀವು ಅದನ್ನು ತಟ್ಟಿರುತ್ತೀರಿ. ಕಷ್ಟ ಇಲ್ಲದ ದಿನವೂ ಒಮ್ಮೆ ತಟ್ಟಿ. ಕೊಡುವುದಾದರೆ ಚಿಕ್ಕದೇ ಇರಲಿ, ತಪ್ಪದೆ ಕೊಡಿ, ಬಾಡಿಗೆಗೂ ಸಂಬಳಕ್ಕೂ ಕೊಡಿ. ಬರುವುದಾದರೆ ಎರಡೇ ಗಂಟೆ ಬನ್ನಿ, ಹೇಳಿದ ದಿನ ಬನ್ನಿ. ಸಂಸ್ಥೆ ನಡೆಸುವವರೇ, ನಾಚಿಕೆ ಬಿಟ್ಟು ಕೇಳಿ, ವಾರಕ್ಕೊಂದು ದಿನ ಮನೆಗೆ ಹೋಗಿ.

ಇದ್ಯಾವುದೂ ಆಗುವುದಿಲ್ಲ ಎನ್ನುವವರು ಒಂದು ಕೆಲಸ ಮಾಡಿ. ಆ ಬಾಗಿಲು ತೆರೆಯುವವರ ಮನೆ ಎಲ್ಲಿದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ.